ಊರಲ್ಲಿರುವ ಅಪ್ಪ-ಅಮ್ಮನ ಆರೋಗ್ಯ: ವಾಟ್ಸಾಪ್ ಗುಂಪು ಸಾಕಾ, ಆಭಾ ಆ್ಯಪ್ ಬೇಕಾ?

ವಾಟ್ಸಾಪ್‌ನ ದೊಡ್ಡ ಗುಣ ಅಂದರೆ ಅಮ್ಮನಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ. ಮಾತ್ರೆ ಚೀಟಿಯ ಫೋಟೋ, "ಇವತ್ತು ಯಾಕೋ ತಲೆ ಸುತ್ತಿತ್ತು ಕಣೋ" ಅನ್ನೋ ವಾಯ್ಸ್ ಮೆಸೇಜು, ಎರಡೂ ಸಲೀಸು. ದನಿ ಕೇಳಿದರೇ ಅರ್ಧ ವಿಷಯ ಗೊತ್ತಾಗುತ್ತದೆ, ಅಲ್ವಾ? ತೊಂದರೆ ಇರುವುದು ಹುಡುಕುವಾಗ. ಹಿಂದಿನ ಸಲ ಶುಗರ್ ಎಷ್ಟಿತ್ತು ಅಂತ ಡಾಕ್ಟರು ಕೇಳಿದರೆ, ಹಬ್ಬದ ಫೋಟೋ, ಮದುವೆ ಕರೆಯೋಲೆಗಳ ನಡುವೆ ಹೆಕ್ಕಬೇಕು.

ಆಭಾ, ಅಂದರೆ ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ, ಗೆಲ್ಲುವುದು ಇಲ್ಲೇ. ಅದರ 14 ಅಂಕಿಯ ನಂಬರಿಗೆ, ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆ, ಲ್ಯಾಬ್‌ಗಳ ರಿಪೋರ್ಟ್ ಜೋಡಿಸಬಹುದು. ಬೇರೆ ಡಾಕ್ಟರು ನೋಡಬೇಕಾದರೆ ಅಪ್ಪನ ಒಪ್ಪಿಗೆ ಬೇಕು. ಅದು ಒಳ್ಳೆಯದೇ. ಆದರೆ ಆಧಾರ್‌ನಿಂದ ಖಾತೆ ಮಾಡುವಾಗ ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಫೋನಲ್ಲಿ ಓಟಿಪಿ ಕೇಳಿ ಒದ್ದಾಡುವುದಕ್ಕಿಂತ, ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಮಾಡಿಸಿ. ಊರಿನ ಪುಟ್ಟ ಕ್ಲಿನಿಕ್ಕಿನ ಕೈಬರಹದ ಚೀಟಿ ಮಾತ್ರ ತಾನಾಗಿ ಬಂದು ಸೇರುವುದಿಲ್ಲ. ಅದನ್ನು ನಾವೇ ಸ್ಕ್ಯಾನ್ ಮಾಡಿ ಹಾಕಬೇಕು.

ಒಬ್ಬರೇ ಡಾಕ್ಟರು, ಒಂದೆರಡು ಮಾತ್ರೆ ಅಂದರೆ ವಾಟ್ಸಾಪ್ ಸಾಕು. ಆರೋಗ್ಯಕ್ಕೆ ಅಂತಲೇ ಬೇರೆ ಗುಂಪು ಮಾಡಿಕೊಳ್ಳಿ. ಹೃದಯಕ್ಕೆ ಒಂದು ಕಡೆ, ಕಿಡ್ನಿಗೆ ಇನ್ನೊಂದು ಕಡೆ ಓಡಾಡುವವರಿಗೆ ಆಭಾನೇ ವಾಸಿ ಅಂತ ನನಗನಿಸುತ್ತದೆ.

ತುರ್ತಿಗೆ ಎರಡನ್ನೂ ನೆಚ್ಚಬೇಡಿ. ಹೊರದೇಶದಿಂದ ನೀವು 108 ಒತ್ತಿದರೆ ನಿಮ್ಮೂರಿನ ಆಂಬುಲೆನ್ಸ್ ಬರುವುದಿಲ್ಲ. ಪಕ್ಕದ ಮನೆಯವರ ನಂಬರ್ ನಿಮ್ಮ ಫೋನಲ್ಲಿ ಇರಲೇಬೇಕು.