ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್: ದುಡ್ಡು ಉಳಿಸೋದಾದರೆ ಕೇಬಲ್ಲಿನಲ್ಲಿ ಬೇಡ

ಐದಕ್ಕೆ ನಾಲ್ಕೂವರೆ ಅಂಕ. ಆ ಅರ್ಧ ಕಳೆದಿದ್ದು ಅಡಾಪ್ಟರಿಗೆ.

ನಮ್ಮದು ಮೈಸೂರಿನ ಲಕ್ಷ್ಮೀಪುರಂನಲ್ಲಿ ಹಳೇ ಮನೆ. ಕೆಳಗೆ ಡಿಟಿಪಿ ಅಂಗಡಿ, ಮೇಲೆ ವಾಸ. ಗೋಡೆ ಎಷ್ಟು ದಪ್ಪ ಅಂದರೆ ಹಜಾರದ ವೈಫೈ ಅಡುಗೆಮನೆಗೂ ಬರಲ್ಲ. ಅದಕ್ಕೇ ಈ ಸ್ವಿಚ್, ಅಂದರೆ ರೂಟರಿನ ಒಂದು ಲೈನನ್ನು ಹಲವು ಕೇಬಲ್ಲಿಗೆ ಹಂಚುವ ಡಬ್ಬಿ, ತಂದಿದ್ದು. ಹಾಕಿ ಕೆಲವು ವರ್ಷ ಆಯ್ತು. ಇದು ಅನ್‌ಮ್ಯಾನೇಜ್ಡ್ ಸ್ವಿಚ್, ಸೆಟ್ಟಿಂಗ್ ಏನೂ ಇಲ್ಲ. ರೂಟರಿನ ಲ್ಯಾನ್ ಪೋರ್ಟಿನಿಂದ ಬಂದ ಕೇಬಲ್ಲನ್ನು ಎಂಟರಲ್ಲಿ ಯಾವುದಕ್ಕೆ ಚುಚ್ಚಿದರೂ ನಡೆಯುತ್ತದೆ. ಹಿಂದೆ ಒಂದು ತುದಿಯಲ್ಲಿ ತಂತಿ ಅದಲುಬದಲು ಮಾಡಿದ ಕ್ರಾಸ್ ಕೇಬಲ್ ಬೇಕು ಅಂತಿದ್ದರಲ್ಲ, ಆ ತಲೆನೋವೂ ಇಲ್ಲ. ಫ್ಯಾನ್ ಇಲ್ಲ, ಸದ್ದೂ ಇಲ್ಲ.

ಕಾಟ ಕೊಟ್ಟಿದ್ದೆಲ್ಲ ಕೇಬಲ್ಲೇ. ನಮ್ಮ ಸ್ವಿಚ್ಚಿನಲ್ಲಿ ಪೋರ್ಟಿನ ದೀಪ ಹಸಿರಾದರೆ ವೇಗ 1000 ಎಂಬಿಪಿಎಸ್ (ಗಿಗಾಬಿಟ್ ಅಂದರೆ ಇದೇ), ಕಿತ್ತಳೆ ಆದರೆ 100. ಅಂಗಡಿಯ ಒಂದು ಕಂಪ್ಯೂಟರಿನ ಪೋರ್ಟು ಮೊದಲಿನಿಂದಲೂ ಕಿತ್ತಳೆ. ಇಂಟರ್ನೆಟ್ ಬರುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆ ಆಲ್ಬಮ್ಮಿನ ಫೈಲು ಕಳಿಸುವಾಗ ಮಾತ್ರ ಕಾಫಿ ಕುಡಿದು ಬರಬಹುದಿತ್ತು. ವಿಷಯ ಏನಂದರೆ, ಕೇಬಲ್ಲಿನೊಳಗೆ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ನಾಲ್ಕು ಜೋಡಿ ತಂತಿ ಇರುತ್ತದೆ. 100ಕ್ಕೆ ಕಿತ್ತಳೆ, ಹಸಿರು ಜೋಡಿ ಎರಡೇ ಸಾಕು. 1000ಕ್ಕೆ ನಾಲ್ಕೂ ಬೇಕು. ನೀಲಿನೋ ಕಂದೋ ಕೈಕೊಟ್ಟರೆ ಲೈನು ಪೂರ್ತಿ ಸಾಯದೆ ಸುಮ್ನೆ 100ಕ್ಕೆ ಇಳಿದು ಕೂರುವುದೇ ಹೆಚ್ಚು.

ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಎಳೆ ತುದಿಯವರೆಗೆ ಬಂದೇ ಇರಲಿಲ್ಲ. ವೈರಿಂಗ್ ಮಾಡಿದ ಮಹಾನುಭಾವರ ಕೆಲಸ. ತಂತಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಸಿಸಿಎ ಅನ್ನುತ್ತಾರೆ ಇದಕ್ಕೆ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಕೇಬಲ್ಲಿನಲ್ಲೇ ಕರೆಂಟು ಹೋಗುವ ಪಿಒಇ ಕ್ಯಾಮೆರಾಕ್ಕಂತೂ ಬೇಡವೇ ಬೇಡ. ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ಕೇಬಲ್ ಎಳೆಸಿದೆವು. ಅದೇ ಸ್ವಿಚ್, ಅದೇ ಪೋರ್ಟು, ಈಗ ಹಸಿರು ದೀಪ. ಅದಕ್ಕಿಂತ ಕೆಳಗಿನ ದರ್ಜೆಯ ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಹೊರುತ್ತದೆ, ತಾಮ್ರ ಅಸಲಿ ಇರಬೇಕು. ಕನೆಕ್ಟರ್ ಹಾಕುವಾಗ ಎರಡೂ ತುದಿಗೆ ಒಂದೇ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಆಯುಧಪೂಜೆಗೆ ಅಂಗಡಿ ಒರೆಸುವಾಗ ಹುಡುಗರು ಕೇಬಲ್ ಎಲ್ಲ ಕಿತ್ತಿದ್ದರು. ವಾಪಸ್ ಹಾಕುವಾಗ ಒಂದೇ ಕೇಬಲ್ಲಿನ ಎರಡೂ ತುದಿ ಇದೇ ಸ್ವಿಚ್ಚಿಗೆ ಹೋಯಿತು. ಮುಗೀತು. ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗುತ್ತಿವೆ, ಇತ್ತ ಪ್ರಿಂಟರೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಹೀಗೆ ಲೂಪ್ ಆದರೆ ಒಳಗಿನ ಡೇಟಾ ಸುತ್ತಿ ಸುತ್ತಿ ನೆಟ್‌ವರ್ಕನ್ನೇ ತುಂಬಿಬಿಡುತ್ತದೆ. ಅದನ್ನು ತಡೆಯುವ ಸೌಲಭ್ಯ ನಮ್ಮದರಲ್ಲಿಲ್ಲ, ಬೇಕಾದವರು ಕೇಳಿ ತಗೊಳ್ಳಿ. ಆಮೇಲೆ ಪ್ರತಿ ಕೇಬಲ್ಲಿಗೂ ಚೀಟಿ ಅಂಟಿಸಿದೆವು. ಹಾಗೇ, ಪೂಜೆಯ ಕುಂಕುಮವನ್ನು ಸ್ವಿಚ್ಚಿನ ಮೇಲ್ಭಾಗಕ್ಕೆ ಇಡಿ, ಖಾಲಿ ಪೋರ್ಟಿನ ಕಡೆ ಅಕ್ಷತೆ ಎರಚಬೇಡಿ.

ಇನ್ನು ಅಡಾಪ್ಟರ್. ಏಪ್ರಿಲ್ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗಿ ಬಂದು ಮಾಡಿ ಸುಟ್ಟುಹೋಯಿತು. ಸ್ವಿಚ್ ಉಳಿಯಿತು. ಬೇರೆಯದು ತರುವಾಗ ವೋಲ್ಟು ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ಪರವಾಗಿಲ್ಲ, ಪಿನ್ನಿನ ಪ್ಲಸ್ ಮೈನಸ್ ನೋಡಿಕೊಳ್ಳಿ. ಈಗ ರೂಟರ್ ಜೊತೆ ಯುಪಿಎಸ್ಸಿಗೆ ಹಾಕಿದ್ದೇವೆ.

ಐದು ಪೋರ್ಟಿನದು ಸಾಕಲ್ವಾ ಅಂತ ಕೇಳುವವರಿದ್ದಾರೆ. ಒಂದು ರೂಟರಿಗೇ ಹೋಗುತ್ತದೆ, ಉಳಿಯುವುದು ನಾಲ್ಕು. ನಮ್ಮ ಎಂಟರಲ್ಲಿ ಈಗ ಖಾಲಿ ಇರುವುದು ಒಂದೇ.