ಕೈಯಿಂದ ಜೋಡಿಸಿದ ಕಂಡೆನ್ಸರ್ ಮೈಕಿಗೆ ಮೂರು ವಾಲ್ವುಗಳು: ಹಾಕಿ, ಕೇಳಿ ನೋಡಿದ್ದು

ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ತತ್ವಪದಗಳನ್ನು ಧ್ವನಿಮುದ್ರಿಸಿಕೊಳ್ಳಲೆಂದು ನಾನೇ ಜೋಡಿಸಿದ ಮೈಕಿಗೆ ಇಎಫ್86, 12ಎವೈ7 ಮತ್ತು 5840 ಎಂಬ ಮೂರು ವಾಲ್ವುಗಳನ್ನು (ಸಿಗ್ನಲನ್ನು ಹಿಗ್ಗಿಸುವ ನಿರ್ವಾತ ಕೊಳವೆಗಳನ್ನು), ಪ್ರತಿ ಸಲವೂ ತಂತಿಗಳನ್ನು ಬಿಚ್ಚಿ ಬೆಸೆದು, ಒಂದಾದ ಮೇಲೊಂದರಂತೆ ಹಾಕಿ ಕೇಳಿದ್ದೇನೆ.

ಆಂಪ್ಲಿಫೈಯರಿಗೆ ವಾಲ್ವ್ ಕೊಳ್ಳುವವರು ಮೊದಲು ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು ನೋಡುತ್ತಾರೆ. ಮೈಕಿನಲ್ಲಿ ನೋಡಬೇಕಾದದ್ದು ಗ್ರಿಡ್ಡಿನ, ಅಂದರೆ ಸಿಗ್ನಲ್ ಒಳಹೋಗುವ ತಂತಿಜಾಲರಿಯ, ಮೌನವನ್ನು. ದನಿಯನ್ನು ಸಿಗ್ನಲಾಗಿಸುವ ಕ್ಯಾಪ್ಸೂಲಿನ ಧಾರಕತೆ (ವಿದ್ಯುದಂಶ ಹಿಡಿದಿಡುವ ಶಕ್ತಿ) ಸುಮಾರು 60 ಪಿಕೊಫ್ಯಾರಡ್ ಮಾತ್ರ ಇರುವುದರಿಂದ ಮಂದ್ರ ಸ್ವರಗಳು ಸೋರಿಹೋಗದಂತೆ ಗ್ರಿಡ್ಡಿಗೆ 1 ಗಿಗಾಓಮ್ ರೆಸಿಸ್ಟರ್ ಹಾಕಿರುತ್ತೇವೆ, ಅದರ ಮೂಲಕ ಗ್ರಿಡ್ಡಿನ ಕರೆಂಟ್ ಒಂದೇ ಒಂದು ನ್ಯಾನೋಆಂಪಿಯರ್ ಹರಿದರೂ 1 ವೋಲ್ಟ್ ನಿಂತು ಬಯಾಸ್ (ಗ್ರಿಡ್ಡಿಗೆ ಮೊದಲೇ ಹೊಂದಿಸಿಟ್ಟ ವೋಲ್ಟೇಜ್) ಕೆಡುತ್ತದೆ. ಅಟ್ಟದ ಮೇಲಿನ ಹಳೆಯ ರೇಡಿಯೋದಿಂದ ಇಎಫ್89 ಕಿತ್ತು ಹಾಕುವ ಆಸೆ ನನಗೂ ಇತ್ತು. ಆದರೆ ಅದು ಬಯಾಸಿಗೆ ತಕ್ಕಂತೆ ಗೇನ್ ಬದಲಿಸಲೆಂದೇ ಮಾಡಿದ ವಾಲ್ವ್, ಧ್ವನಿಗೆ ಸಲ್ಲದು. ಎಲ್ಲೆಡೆ ಸಿಗುವ 12ಎಎಕ್ಸ್7 ಕೂಡ ಬೇಡ: ಗೇನ್ ಹೆಚ್ಚಿದಷ್ಟೂ ಸಿಗ್ನಲ್ ಹೊರಬರುವ ಪ್ಲೇಟಿಗೂ ಗ್ರಿಡ್ಡಿಗೂ ನಡುವಿನ ಪುಟ್ಟ ಧಾರಕತೆ ಹಲವು ಪಟ್ಟಾಗಿ ಹಿಗ್ಗಿ, ಕ್ಯಾಪ್ಸೂಲಿನ ಸಿಗ್ನಲನ್ನು ಅರ್ಧಕ್ಕೂ ಹೆಚ್ಚು ನುಂಗಿಬಿಡುತ್ತದೆ.

ನಾಯ್ಮನ್ ಕಂಪನಿ 1960ರಲ್ಲಿ ತಂದ ಯು67 ಮೈಕಿನಲ್ಲಿದ್ದದ್ದು ಇಎಫ್86. ಪೆಂಟೋಡ್ (ಐದು ವಿದ್ಯುದ್ವಾರಗಳ ವಾಲ್ವ್) ಆದರೂ ಮೈಕಿನಲ್ಲಿ ಟ್ರಯೋಡಿನಂತೆ (ಮೂರರ ವಾಲ್ವಿನಂತೆ) ಜೋಡಿಸುತ್ತಾರೆ. ಒಳಗೇ ಲೋಹದ ಕವಚವಿರುವುದರಿಂದ ಗುಂಯ್ ಎನ್ನುವ ಹಮ್ ಕಡಿಮೆ. ಹೊಸದಾಗಿ ತಯಾರಾದ ನಾಲ್ಕನ್ನು ತರಿಸಿದೆ. ಅದುರಿದರೆ ಸದ್ದು ಮಾಡುತ್ತವೆಯೇ ಎಂದು ಪೆನ್ಸಿಲ್ಲಿನ ತುದಿಯಿಂದ ತಟ್ಟಿದಾಗ ಎರಡು ಸುಮ್ಮನಿದ್ದವು, ಒಂದು ಸಣ್ಣಗೆ ಗೊಣಗಿತು, ಇನ್ನೊಂದು ಗುಡಿಯ ಗಂಟೆಯಂತೆ ಬಹಳ ಹೊತ್ತು ಮೊಳಗಿತು. ಐದನೆಯದನ್ನು ಹಳೆಯ ಟೆಲಿಫುಂಕನ್ ಎಂದು ನಂಬಿಸಿ ಒಬ್ಬ ಮಾರಾಟಗಾರ ದುಬಾರಿ ಬೆಲೆಗೆ ಕಳಿಸಿದ್ದ; ಆ ಕಂಪನಿಯ ಬಹುಪಾಲು ವಾಲ್ವುಗಳ ಬುಡದಲ್ಲಿ, ಪಿನ್ನುಗಳ ನಡುವೆ, ಗಾಜಿನಲ್ಲೇ ಒತ್ತಿರುವ ವಜ್ರಾಕಾರದ ಗುರುತು ಅದರಲ್ಲಿರಲಿಲ್ಲ, ಹಿಸ್ (ಸುಯ್ ಎನ್ನುವ ಸದ್ದು) ಮಾತ್ರ ಬೇಕಾದಷ್ಟಿತ್ತು.

12ಎವೈ7 ಎಕೆಜಿ ಕಂಪನಿಯ ಸಿ12 ಮೈಕಿನಲ್ಲಿದ್ದ 6072ರ ಬಳಗದ್ದು. ಒಂದೇ ಗಾಜಿನೊಳಗೆ ಎರಡು ಟ್ರಯೋಡ್ ಇರುವುದರಿಂದ ಶಾಂತವಾದ ಅರ್ಧವನ್ನು ಆರಿಸಿಕೊಂಡು, ಅದರ ಹೀಟರನ್ನಷ್ಟೇ, ಅಂದರೆ ಅದನ್ನು ಕಾಯಿಸುವ ತಂತಿಯನ್ನಷ್ಟೇ, ಉರಿಸಬಹುದು. ಏಕತಾರಿಗೆ ಹಿತವಾದ ಮೈಕಟ್ಟು ಕೊಟ್ಟಿತಾದರೂ ಪಿಸುದನಿಯ ಹಾಡಿಕೆಯಲ್ಲಿ ಹಿಸ್ ಎದ್ದು ಕೇಳಿತು.

5840ರ ಮೇಲೆ ನನಗೆ ಭರವಸೆಯೇ ಇರಲಿಲ್ಲ. ಕಿರುಬೆರಳಿನಷ್ಟು ದಪ್ಪದ ಈ ವಾಲ್ವಿಗೆ ಸಾಕೆಟ್ ಇಲ್ಲ, ತಂತಿಗಳನ್ನೇ ಬೆಸೆಯಬೇಕು. ಗಾಜಿನ ಅಂಚಿಗೇ ಬಗ್ಗಿಸಿದರೆ ಸೀಳು ಬಿಡುತ್ತದೆ. ಸೇನೆಯ ಉಪಕರಣಗಳ ಅದುರಾಟ ತಡೆಯಲೆಂದು ಮಾಡಿದ್ದರಿಂದ ತಟ್ಟಿದರೂ ಹೆಚ್ಚೇನೂ ಸದ್ದಿಲ್ಲ, ಬೆಲೆಯೂ ಕಡಿಮೆ. ಮೊದಲ ದಿನ ಪಟಪಟ ಸಿಡಿಯಿತು. ತಪ್ಪು ವಾಲ್ವಿನದೆಂದುಕೊಂಡೆ, ನೋಡಿದರೆ ಗಿಗಾಓಮ್ ರೆಸಿಸ್ಟರಿನ ಮೇಲೆ ನನ್ನ ಬೆರಳ ಜಿಡ್ಡೂ ಅದಕ್ಕೆ ಅಂಟಿದ ನಮ್ಮೂರಿನ ಕೆಂಪು ಧೂಳೂ ಕೂತಿದ್ದವು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಎರಡು ದಿನ ಹೀಟರ್ ಉರಿಸಿಟ್ಟ ಮೇಲೆ ಮೂರರಲ್ಲಿ ಇದೇ ಅತ್ಯಂತ ಶಾಂತವೆನಿಸಿತು. ನಮ್ಮ ಬೀದಿಯ ವೋಲ್ಟೇಜ್ ಸಂಜೆಗೆ ಏರಿಳಿಯುವುದರಿಂದ ಹೀಟರಿಗೆ ರೆಗ್ಯುಲೇಟರ್ ಹಾಕಿದ್ದೇನೆ.

ನಾಯ್ಮನ್ನಿನ 1949ರ ಯು47 ಮೈಕಿನಲ್ಲಿದ್ದ ಉಕ್ಕಿನ ಕವಚದ ವಿಎಫ್14 ವಾಲ್ವ್ ಹುಡುಕುವವರಿಗೆ ಈ ಬರಹದಿಂದ ಉಪಯೋಗವಿಲ್ಲ; ಆ ಹಣದಲ್ಲಿ ಒಳ್ಳೆಯ ಕ್ಯಾಪ್ಸೂಲ್ ಬರುತ್ತದೆ. ಸದ್ಯ ಮೈಕಿನಲ್ಲಿ 5840 ಇದೆ, ಸುಮ್ಮನಿದ್ದ ಎರಡು ಇಎಫ್86 ಡಬ್ಬಿಯಲ್ಲಿವೆ, ಗಂಟೆಯಂತೆ ಮೊಳಗಿದ್ದು ಮಗನ ಗಿಟಾರ್ ಆಂಪ್ಲಿಫೈಯರಿಗೆ ಹೋಗಿದೆ.