ಬೆಂಗಳೂರಾ, ತೋಟಾನಾ, ಬ್ಯಾಂಕ್ ಪರೀಕ್ಷೆಯಾ?

ಬಿ.ಕಾಂ. ಮುಗೀತು, ಮುಂದೇನು ಅಂತ ಕೇಳಿದ್ದೀಯಲ್ಲ ತಂಗಿ, ಮೊದಲು ದುಡ್ಡಿನ ವಿಷಯ ನೋಡೋಣ. ಬೆಂಗಳೂರಲ್ಲಿ ಕೆಲಸ ಸಿಕ್ಕರೆ ಮೊದಲ ತಿಂಗಳಿಂದಲೇ ಸಂಬಳ. ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಶುರುವಿನಲ್ಲಿ ಉಳಿಯುವುದು ಕಡಿಮೆ. ಮನೆಯ ಕಾಫಿ ತೋಟದಲ್ಲಿ ಬಾಡಿಗೆ ಇಲ್ಲ. ಆದರೆ ಕಾಫಿ ದುಡ್ಡು ಬರುವುದು ವರ್ಷಕ್ಕೊಂದೇ ಸಲ, ಕಾಫಿ ಹೂ ಅರಳಲು ಬೇಕಾದ ಬೇಸಿಗೆ ಮಳೆ, ಅಂದರೆ ಹೂಮಳೆ ಕೈಕೊಟ್ಟರೆ ಅಥವಾ ಕಣದಲ್ಲಿ ಕಾಫಿ ಒಣಗುವಾಗ ಮಳೆ ಬಿದ್ದರೆ ಆ ವರ್ಷದ ಲೆಕ್ಕವೇ ತಲೆಕೆಳಗು. ಮರಗಳಲ್ಲಿ ಒಳ್ಳೆ ಮೆಣಸಿನ ಬಳ್ಳಿ ಇದ್ದರೆ ಸ್ವಲ್ಪ ಆಸರೆ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು-ನಾಲ್ಕು ವರ್ಷ ಕಾಯಬೇಕು.

ಪರೀಕ್ಷೆ ತಯಾರಿಗೆ ಖರ್ಚಿಗಿಂತ ಸಮಯ ಜಾಸ್ತಿ ಬೇಕು. ಸರ್ಕಾರಿ ಬ್ಯಾಂಕ್‌ಗಳ ನೇಮಕಾತಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಕ್ಲರ್ಕ್‌ಗೆ 28, ಪಿಒಗೆ (ಪ್ರೊಬೇಷನರಿ ಆಫೀಸರ್) 30 ವಯಸ್ಸಿನ ಮಿತಿ. ನಿನಗೀಗ 21 ಅಲ್ವಾ, ಅವಸರ ಬೇಡ, ಆದರೆ ಇಷ್ಟು ದಿನ ಅಂತ ಗಡುವು ಹಾಕಿಕೊಂಡೇ ಓದು. ನಾನು ವಿರಾಜಪೇಟೆಯಲ್ಲಿ ಗಡುವೇ ಇಲ್ಲದೆ ಎರಡು ವರ್ಷ ಓದುತ್ತಾ ಕೂತಿದ್ದೆ, ಆಮೇಲೆ ಇಂಟರ್‌ವ್ಯೂಗಳಲ್ಲಿ ಆ ಖಾಲಿ ವರ್ಷಗಳ ಬಗ್ಗೆಯೇ ಕೇಳುತ್ತಿದ್ದರು, ತುಂಬಾ ನೋವಾಗುತ್ತಿತ್ತು.

ಮನೆಯಲ್ಲಿ ಸಾಲ ಇದ್ದರೆ ಬೆಂಗಳೂರು ಅಥವಾ ಮೈಸೂರಿನ ಕೆಲಸವೇ ಸರಿ. ಅಪ್ಪನಿಗೆ ವಯಸ್ಸಾಗಿ, ಆಳು ಸಿಗದೆ ತೋಟ ಕಾಡು ಬೀಳುತ್ತಿದ್ದರೆ, ನಿನಗೂ ಮಣ್ಣಿನ ಕೆಲಸ ಇಷ್ಟವಿದ್ದರೆ, ಒಂದು ಕೊಯ್ಲು ಪೂರ್ತಿ ನಿಂತು ನೋಡು. ಲೆಕ್ಕ ಪುಸ್ತಕ ನೀನೇ ಬರೆ. ಊರ ಹತ್ತಿರವೇ ಖಾಯಂ ಸಂಬಳ ಬೇಕೆಂದರೆ ಪರೀಕ್ಷೆ ಬರೆ, ಆದರೆ ಬ್ಯಾಂಕ್‌ನವರು ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ ಹೋಗಲು ತಯಾರಿರಬೇಕು.